ಬಿಸಿಲು ಬಾರದ ಮನೆಯಲ್ಲಿ ಗಿಡ: ಯಾವ ದೀಪ, ಎಷ್ಟು ಬೆಳಕು?

ಕೈತೋಟದ ಪುಟಕ್ಕೆ ಬರುವ ಪತ್ರಗಳಲ್ಲಿ ಮೊದಲೆಲ್ಲ ಗೊಬ್ಬರ ಮತ್ತು ಕೀಟಗಳದ್ದೇ ಸಿಂಹಪಾಲು. ಈಚೆಗೆ ಬಿಸಿಲೇ ಬೀಳದ ಮನೆಗಳಿಂದ ಬರುವ ಪ್ರಶ್ನೆಗಳು ಹೆಚ್ಚುತ್ತಿವೆ. ಗಿಡಕ್ಕೆ ದೀಪ ಕಟ್ಟುವ ವಿಷಯವಾಗಿ ಬಂದಿರುವ ಪತ್ರಗಳಲ್ಲಿ ಆರನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಮೊದಲ ಉತ್ತರವು ಉದ್ದವಾಗಿದೆ. ಅದರಲ್ಲಿ ಬರುವ ಲೆಕ್ಕವೇ ಉಳಿದವುಗಳಿಗೂ ಬೇಕಾಗುವುದರಿಂದ ಎಲ್ಲರೂ ಅದನ್ನು ಓದಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ನಾವು ಯಲಹಂಕದ ಅಪಾರ್ಟ್‌ಮೆಂಟೊಂದರ ಎರಡನೆಯ ಮಹಡಿಯಲ್ಲಿದ್ದೇವೆ. ಅಡುಗೆಮನೆಗೆ ಹೊಂದಿಕೊಂಡ ಯುಟಿಲಿಟಿಯಲ್ಲಿ ನಾಲ್ಕು ಅಡಿ ಉದ್ದ, ಒಂದು ಅಡಿ ಅಗಲದ ಕಬ್ಬಿಣದ ರ‍್ಯಾಕ್ ಇದೆ. ಎದುರಿಗೆ ಇನ್ನೊಂದು ಕಟ್ಟಡ ಎದ್ದಿರುವುದರಿಂದ ಬಿಸಿಲು ಬರುವುದಿಲ್ಲ. ಟ್ರೇಗಳಲ್ಲಿ ಮೆಂತ್ಯ, ಕೊತ್ತಂಬರಿ, ಪಾಲಕ್ ಬೆಳೆಯುವ ಆಸೆ. ಆನ್‌ಲೈನ್‌ನಲ್ಲಿ ‘1000 ವಾಟ್’ ಎಂದು ಬರೆದಿರುವ ನೇರಳೆ ಬಣ್ಣದ ದೀಪವೊಂದು ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಬಹುದೇ?
— ಗೃಹಿಣಿಯೊಬ್ಬರು, ಬೆಂಗಳೂರು

ಉತ್ತರ: ಬೇಡ. ಪೆಟ್ಟಿಗೆಯ ಮೇಲೆ ಬರೆದಿರುವ ವಾಟ್‌ಗೂ ದೀಪವು ನಿಜವಾಗಿ ಎಳೆಯುವ ವಿದ್ಯುತ್ತಿಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಅದನ್ನು ಕಂಡುಹಿಡಿಯಲು ಒಂದು ಸುಲಭದ ದಾರಿಯಿದೆ. ದೀಪದ ಜೊತೆ ಕೊಡುವ ಅಡಾಪ್ಟರಿನ ಬೆನ್ನಿನ ಮೇಲೆ ಸಣ್ಣ ಅಕ್ಷರಗಳಲ್ಲಿ ವೋಲ್ಟ್ ಮತ್ತು ಆಂಪಿಯರ್ ಅಚ್ಚಾಗಿರುತ್ತದೆ. 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಎರಡನ್ನೂ ಗುಣಿಸಿ, ಬರುವುದು 24. ಆ ಅಡಾಪ್ಟರು ಕೊಡಬಲ್ಲದ್ದೇ 24 ವಾಟ್ ಆಗಿರುವಾಗ, ಪೆಟ್ಟಿಗೆಯ ಮೇಲೆ ಸಾವಿರವೆಂದು ಬರೆದರೂ ಹತ್ತು ಸಾವಿರವೆಂದು ಬರೆದರೂ ಗಿಡಕ್ಕೆ ಸಿಗುವುದು ಅದರೊಳಗಿನ ಬೆಳಕೇ.

ಇನ್ನು ಬಣ್ಣದ ಮಾತು. ಎಲೆಯ ಹಸಿರು ದ್ರವ್ಯವಾದ ಪತ್ರಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ ಎಂಬುದು ನಿಜ. ಅದನ್ನೇ ಹಿಡಿದುಕೊಂಡು ಕೆಂಪು, ನೀಲಿ ಎಲ್‌ಇಡಿಗಳನ್ನಷ್ಟೇ ಸೇರಿಸಿ ನೇರಳೆ ದೀಪಗಳನ್ನು ಮಾಡಿದರು. ಆದರೆ 1970ರ ದಶಕದ ಆರಂಭದಲ್ಲಿಯೇ ಕೀತ್ ಮೆಕ್ರೀ ಎಂಬ ವಿಜ್ಞಾನಿ ಹಲವು ಬೆಳೆಗಳ ಎಲೆಗಳನ್ನಿಟ್ಟು ಮಾಡಿದ ಅಳತೆಗಳಿಂದ, 400ರಿಂದ 700 ನ್ಯಾನೊಮೀಟರ್ ನಡುವಿನ ಎಲ್ಲ ಬಣ್ಣಗಳೂ, ಹಸಿರು ಕೂಡ, ದ್ಯುತಿಸಂಶ್ಲೇಷಣೆಗೆ ಒದಗುತ್ತವೆ ಎಂಬುದು ಸ್ಪಷ್ಟವಾಗಿತ್ತು. ನಾವು ಮನೆಯಲ್ಲಿ ಉರಿಸುವ ಬಿಳಿಯ ಎಲ್‌ಇಡಿಯೂ ಒಳಗಿಂದ ನೀಲಿ ದೀಪವೇ; ಮೇಲಿರುವ ಹಳದಿ ಲೇಪವು ನೀಲಿಯ ಒಂದು ಪಾಲನ್ನು ಹಸಿರು, ಹಳದಿ, ಕೆಂಪುಗಳಾಗಿ ಬದಲಿಸುತ್ತದೆ. (ಆ ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ್ದಕ್ಕೇ 2014ರ ಭೌತವಿಜ್ಞಾನದ ನೊಬೆಲ್ ಅಕಾಸಾಕಿ, ಅಮಾನೊ ಮತ್ತು ನಕಮುರಾ ಅವರಿಗೆ ಸಂದಿತು.) ಹೀಗಾಗಿ ಸೊಪ್ಪಿಗೆ ಒಳ್ಳೆಯ ಬಿಳಿ ದೀಪ ಧಾರಾಳವಾಗಿ ಸಾಕು.

ನೇರಳೆ ದೀಪದ ವಿಷಯದಲ್ಲಿ ನನ್ನದೂ ಒಂದು ಅನುಭವವಿದೆ. ಮೊದಲು ನಾನು ಕೊಂಡದ್ದೂ ಅದನ್ನೇ. ಆ ಬೆಳಕಿನಲ್ಲಿ ಎಲೆಗಳೆಲ್ಲ ಕಪ್ಪಗೆ ಕಾಣುವುದರಿಂದ ಗಿಡ ಚೆನ್ನಾಗಿದೆಯೋ ಸೊರಗಿದೆಯೋ ತಿಳಿಯುವುದಿಲ್ಲ. ಮೂರು ವಾರ ಹಾಗೆಯೇ ನೀರು ಹಾಕಿಕೊಂಡಿದ್ದು, ಒಂದು ಭಾನುವಾರ ಟ್ರೇಯನ್ನು ಬಾಲ್ಕನಿಗೆ ಎತ್ತಿ ತಂದಾಗ ಮೆಂತ್ಯದ ಎಲೆಗಳು ಹಳದಿಗಟ್ಟಿದ್ದವು. ಮಗುಚಿ ನೋಡಿದರೆ ಎಲೆಯಡಿ ಸಸ್ಯಹೇನುಗಳು ಸಾಸಿವೆ ಚೆಲ್ಲಿದಂತೆ ಕುಳಿತಿದ್ದವು. ದೀಪದ ಬೆಳಕು ಗಿಡಕ್ಕೆ ಬೇಕಾದಷ್ಟೇ ಗಿಡ ನೋಡುವವರ ಕಣ್ಣಿಗೂ ಬೇಕು.

ಎಷ್ಟು ಬೆಳಕು ಬೇಕು ಎಂಬ ಲೆಕ್ಕವನ್ನು ಮಳೆಯ ಲೆಕ್ಕದಂತೆ ತಿಳಿಯಬಹುದು. ಮಳೆ ಎಷ್ಟು ಜೋರಾಗಿ ಸುರಿಯುತ್ತಿದೆ ಎಂಬುದು ಒಂದು, ದಿನದ ಕೊನೆಗೆ ಒಟ್ಟು ಎಷ್ಟು ಬಿತ್ತು ಎಂಬುದು ಇನ್ನೊಂದು. ಬೆಳಕು ಬೀಳುವ ಜೋರನ್ನು ಒಂದು ಚದರ ಮೀಟರಿಗೆ ಒಂದು ಸೆಕೆಂಡಿನಲ್ಲಿ ಇಷ್ಟು ಮೈಕ್ರೊಮೋಲ್ ಎಂದೂ, ದಿನದ ಮೊತ್ತವನ್ನು ಇಷ್ಟು ಮೋಲ್ ಎಂದೂ ಅಳೆಯುತ್ತಾರೆ. (ಮೋಲ್ ಎಂಬುದು ಬೆಳಕಿನ ಕಣಗಳನ್ನು ಎಣಿಸುವ ಅಳತೆ; ಅದರ ಹತ್ತು ಲಕ್ಷದಲ್ಲಿ ಒಂದು ಪಾಲು ಮೈಕ್ರೊಮೋಲ್.) ಜೋರನ್ನು ದೀಪ ಉರಿಯುವ ಗಂಟೆಗಳಿಂದ ಗುಣಿಸಿ, ಬಂದದ್ದನ್ನು 0.0036ರಿಂದ ಗುಣಿಸಿದರೆ ದಿನದ ಮೊತ್ತ ಸಿಗುತ್ತದೆ. ಎಳೆಯದಾಗಿ ಕೊಯ್ಯುವ ಮೆಂತ್ಯ, ಕೊತ್ತಂಬರಿಗಳಿಗೆ ದಿನಕ್ಕೆ 8ರಿಂದ 10 ಮೋಲ್ ಇದ್ದರೆ ನಡೆಯುತ್ತದೆ. ಪಾಲಕ್ ಮತ್ತು ಲೆಟ್ಯೂಸ್ ದಪ್ಪನೆಯ ಎಲೆ ಬಿಡಲು 12ಕ್ಕಿಂತ ಮೇಲಿರಬೇಕು. ಮೆಣಸಿನಕಾಯಿ, ಟೊಮೆಟೊ ಕಾಯಿ ಹಿಡಿಯಬೇಕಾದರೆ 20ಕ್ಕೂ ಹೆಚ್ಚು ಬೇಕು. ಶುಭ್ರ ಆಕಾಶವಿರುವ ದಿನ ಬೆಂಗಳೂರಿನ ತೆರೆದ ತಾರಸಿಯ ಮೇಲೆ 40ರ ಆಸುಪಾಸು ಬೀಳುತ್ತದೆ ಎಂಬುದನ್ನು ನೆನೆದರೆ, ನಾವು ದೀಪದಿಂದ ಕೊಡಹೊರಟಿರುವುದು ಎಷ್ಟು ಕಡಿಮೆ ಎಂಬುದು ತಿಳಿಯುತ್ತದೆ.

ನಿಮ್ಮ ರ‍್ಯಾಕಿಗೆ ಇದನ್ನು ಅನ್ವಯಿಸೋಣ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ನಾಲ್ಕು ಅಡಿಯ 20 ವಾಟಿನ ಎಲ್‌ಇಡಿ ಟ್ಯೂಬ್‌ಲೈಟ್ ಸುಮಾರು 2000 ಲ್ಯೂಮೆನ್ (ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಳತೆ) ಬೆಳಕು ಕೊಡುತ್ತದೆ. ಬಿಳಿಯ ಎಲ್‌ಇಡಿಯಾದರೆ ಲ್ಯೂಮೆನ್ನನ್ನು 70ರಿಂದ ಭಾಗಿಸಿದಾಗ ಸ್ಥೂಲವಾಗಿ ಮೈಕ್ರೊಮೋಲ್ ಸಿಗುತ್ತದೆ. ಇಲ್ಲಿ 28 ಎನ್ನಿ. ಅದರಲ್ಲಿ ಕಾಲುಭಾಗಕ್ಕೂ ಹೆಚ್ಚು ಆಚೀಚೆ ಚೆಲ್ಲಿಹೋಗಿ 20ರಷ್ಟು ಟ್ರೇಯ ಮೇಲೆ ಬಿತ್ತೆಂದು ಇಟ್ಟುಕೊಳ್ಳೋಣ. ನಿಮ್ಮ ರ‍್ಯಾಕಿನ ವಿಸ್ತಾರ 0.37 ಚದರ ಮೀಟರ್. 20ನ್ನು ಅದರಿಂದ ಭಾಗಿಸಿದರೆ ಬೆಳಕಿನ ಜೋರು ಒಂದು ಟ್ಯೂಬಿನಿಂದ ಸುಮಾರು 55, ಮೂರರಿಂದ 165 ಆಯಿತು. ಮೂರನ್ನೂ ದಿನಕ್ಕೆ 16 ಗಂಟೆ ಉರಿಸಿದರೆ 9.5 ಮೋಲ್ ಆಗುತ್ತದೆ. ಮೆಂತ್ಯ, ಕೊತ್ತಂಬರಿಗೆ ಇಷ್ಟು ಸರಿಹೋಯಿತು; ಪಾಲಕ್ ಬರುತ್ತದೆ, ಆದರೆ ಎಲೆ ತೆಳುವಾಗಿರುತ್ತದೆ. ಟ್ಯೂಬುಗಳನ್ನು ಎಲೆಗಳಿಂದ ಒಂದು ಗೇಣಿನೊಳಗೆ ಕಟ್ಟಿ, ರ‍್ಯಾಕಿನ ಮೂರು ಬದಿಗೂ ಬಿಳಿಯ ಥರ್ಮೊಕೋಲ್ ಹಾಳೆ ನಿಲ್ಲಿಸಿದರೆ ಚೆಲ್ಲಿಹೋಗುವ ಬೆಳಕಿನಲ್ಲಿ ಸ್ವಲ್ಪ ಹಿಂದಕ್ಕೆ ಬರುತ್ತದೆ. ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ತೋರಿಸುವ ಲಕ್ಸ್ ಮೀಟರ್ ಸಿಕ್ಕಿದರೆ ಎಲೆಯ ಎತ್ತರದಲ್ಲಿ ಹಿಡಿದು ನೋಡಿ. 10,000ದಿಂದ 12,000 ಲಕ್ಸ್ ತೋರಿಸಬೇಕು. ಮೊಬೈಲಿನ ಆ್ಯಪ್ ತೋರಿಸುವ ಸಂಖ್ಯೆಯನ್ನು ನಂಬಬೇಡಿ. ಟ್ರೇಯ ಮಧ್ಯಕ್ಕೂ ಮೂಲೆಗೂ ಎಷ್ಟು ವ್ಯತ್ಯಾಸವಿದೆ ಎಂದು ಹೋಲಿಸಲು ಮಾತ್ರ ಅದನ್ನು ಬಳಸಬಹುದು.

ಖರ್ಚನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಮೂರು ಟ್ಯೂಬು ಸೇರಿ 60 ವಾಟ್, 16 ಗಂಟೆ ಎಂದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಯೂನಿಟ್, ತಿಂಗಳಿಗೆ 29. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 200 ರೂಪಾಯಿ ಆಯಿತು. ಗೃಹಜ್ಯೋತಿಯ ಸೌಲಭ್ಯ ಪಡೆಯುತ್ತಿರುವವರು ಈ 29 ಯೂನಿಟ್ಟಿನಿಂದ ತಮ್ಮ ಬಳಕೆ 200 ಯೂನಿಟ್ ದಾಟುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು, ಏಕೆಂದರೆ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಸೊಪ್ಪಿನವರ ಗಾಡಿಯಲ್ಲಿ ಆ ದುಡ್ಡಿಗೆ ಎಷ್ಟು ಕಟ್ಟು ಬರುತ್ತದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಉಳಿತಾಯಕ್ಕೆಂದು ಈ ಕೆಲಸಕ್ಕೆ ಕೈಹಾಕಬೇಡಿ. ಬೆಳೆಯುವ ಖುಷಿಗಾದರೆ ಧಾರಾಳವಾಗಿ ಮಾಡಿ.

ಪ್ರಶ್ನೆ: ರಾತ್ರಿ ಚಿಕ್ಕಬಳ್ಳಾಪುರದ ಕಡೆ ಹೋಗುವಾಗ ಸೇವಂತಿಗೆ ಹೊಲಗಳಲ್ಲಿ ಸಾಲುಸಾಲಾಗಿ ಬಲ್ಬುಗಳು ಉರಿಯುವುದನ್ನು ನೋಡಿದ್ದೇನೆ. ಅಷ್ಟು ದೊಡ್ಡ ಹೊಲಕ್ಕೆ ಸಣ್ಣ ಬಲ್ಬುಗಳು ಸಾಕಾಗುವುದಾದರೆ ನಮ್ಮ ಹಾಲಿನ ನಾಲ್ಕು ಕುಂಡಗಳಿಗೆ ಒಂದು ಬಲ್ಬು ಸಾಲದೇ?
— ನಿವೃತ್ತ ಶಿಕ್ಷಕರು, ದೇವನಹಳ್ಳಿ

ಉತ್ತರ: ಬಹಳ ಒಳ್ಳೆಯ ಪ್ರಶ್ನೆ, ಅನೇಕರು ಎಡವುವುದು ಇಲ್ಲಿಯೇ. ಹೊಲದ ಬಲ್ಬು ಗಿಡಕ್ಕೆ ಊಟ ಹಾಕುತ್ತಿಲ್ಲ, ಹೊತ್ತು ಹೇಳುತ್ತಿದೆ. ಗಿಡಗಳು ಹಗಲು ರಾತ್ರಿಗಳ ಉದ್ದವನ್ನು ಅಳೆದು ಹೂಬಿಡುವ ಕಾಲವನ್ನು ನಿರ್ಧರಿಸುತ್ತವೆ ಎಂಬುದನ್ನು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಬೇಸಿಗೆಯಲ್ಲಿ ಎಷ್ಟೆತ್ತರ ಬೆಳೆದರೂ ಹೂಬಿಡದ ಒಂದು ಹೊಗೆಸೊಪ್ಪಿನ ತಳಿ ಅವರಿಗೆ ಈ ದಾರಿ ತೋರಿಸಿತ್ತು. ಸೇವಂತಿಗೆಯು ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ. ಬೆಂಗಳೂರು, ಚಿಕ್ಕಬಳ್ಳಾಪುರಗಳು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಜೂನ್ ತಿಂಗಳ ಅತಿ ಉದ್ದದ ಹಗಲೂ ಇಲ್ಲಿ 13 ಗಂಟೆಯನ್ನು ಮುಟ್ಟುವುದಿಲ್ಲ. ಸೇವಂತಿಗೆಯ ಲೆಕ್ಕದಲ್ಲಿ ನಮ್ಮ ಊರಿನ ರಾತ್ರಿಗಳು ವರ್ಷವಿಡೀ ಉದ್ದವೇ. ಹಾಗೆಯೇ ಬಿಟ್ಟರೆ ಗಿಡವು ಮೊಳದುದ್ದ ಬೆಳೆಯುವ ಮೊದಲೇ ಮೊಗ್ಗು ಕಟ್ಟಿಬಿಡುತ್ತದೆ. ಆದ್ದರಿಂದ ನಾಟಿಯ ನಂತರ ಕೆಲವು ವಾರ ರಾತ್ರಿಯ ಹೊತ್ತು ಬಲ್ಬು ಉರಿಸಿ ಕತ್ತಲನ್ನು ಕಡಿಯುತ್ತಾರೆ. ಗಿಡ ಎತ್ತರಕ್ಕೆ ಬೆಳೆದು ಕವಲೊಡೆದ ಮೇಲೆ ದೀಪ ಆರಿಸಿದರೆ ಒಂದೇ ಸಮನೆ ಮೊಗ್ಗು ಬರುತ್ತದೆ.

ಈ ಕೆಲಸಕ್ಕೆ ಎಲೆಯ ಮೇಲೆ 100 ಲಕ್ಸ್ ಬಿದ್ದರೂ ನಡೆಯುತ್ತದೆ. ಯಲಹಂಕದ ಓದುಗರಿಗೆ ಮೇಲೆ ಹೇಳಿದ್ದು 10,000 ಲಕ್ಸ್; ವ್ಯತ್ಯಾಸ ನೂರು ಪಟ್ಟು. ಹೊಲದ ಸೇವಂತಿಗೆಗೆ ಹಗಲೆಲ್ಲ ಬಯಲುಸೀಮೆಯ ಬಿಸಿಲಿನ ಊಟ ಸಿಗುತ್ತದೆ, ನಿಮ್ಮ ಹಾಲಿನ ಕುಂಡಗಳಿಗೆ ಅದಿಲ್ಲ. ಹಾಗಾಗಿ ಒಂದು ಬಲ್ಬು ಸಾಲದು. ಇದರ ಜೊತೆಗೆ ಇನ್ನೊಂದು ಎಚ್ಚರವೂ ಬೇಕು: ನಿಮ್ಮ ಕುಂಡಗಳಲ್ಲಿ ಕಲಾಂಚೊ ಅಥವಾ ಪಾಯಿನ್ಸೆಟಿಯಾ ಇದ್ದರೆ ಅವೂ ಸೇವಂತಿಗೆಯ ಸ್ವಭಾವದವೇ. ರಾತ್ರಿ ಹನ್ನೊಂದರವರೆಗೆ ಟಿವಿ, ದೀಪಗಳ ನಡುವೆ ಇಟ್ಟರೆ ಎಲೆ ಸೊಗಸಾಗಿರುತ್ತದೆ, ಹೂವು ಮಾತ್ರ ಬರುವುದಿಲ್ಲ.

ಪ್ರಶ್ನೆ: ಸಾಗರ ತಾಲ್ಲೂಕಿನ ಹಳ್ಳಿ ನಮ್ಮದು. ಮಳೆಗಾಲದಲ್ಲಿ ಜಗುಲಿಯ ಮೇಲೆ ಟ್ರೇಗಳಲ್ಲಿ ಮೆಣಸು, ಬದನೆ ಸಸಿ ಮಾಡಿದರೆ ದಾರದಂತೆ ಉದ್ದವಾಗಿ ಬೆಳೆದು ಮಗುಚಿಕೊಳ್ಳುತ್ತವೆ. ದೀಪ ಹಾಕಿ ನೋಡಿದೆವು, ಪ್ರಯೋಜನ ಆಗಲಿಲ್ಲ. ಕರೆಂಟು ಹೋಗಿ ಬಂದು ಮಾಡುವುದೂ ಒಂದು ತಾಪತ್ರಯ.
— ಕೃಷಿಕರು, ಶಿವಮೊಗ್ಗ ಜಿಲ್ಲೆ

ಉತ್ತರ: ದೀಪವನ್ನು ಎಲ್ಲಿ ಕಟ್ಟಿದ್ದೀರಿ ಎಂದು ನೀವು ಬರೆದಿಲ್ಲ; ಜಗುಲಿಯ ತೊಲೆಗೆ ಕಟ್ಟಿರಬಹುದೆಂದು ನನ್ನ ಊಹೆ. ಆರೇಳು ಅಡಿ ಮೇಲಿನ ದೀಪ ನಮ್ಮ ಕಣ್ಣಿಗೆ ಬೆಳಕು, ಸಸಿಗೆ ಕತ್ತಲೆ. ಕಣ್ಣು ಮಬ್ಬಿಗೆ ಒಗ್ಗಿಕೊಳ್ಳುತ್ತದೆ. ಎಲೆಗೆ ಆ ಉಪಾಯವಿಲ್ಲ. ಟ್ಯೂಬನ್ನು ಎರಡೂ ತುದಿಗೆ ಹಗ್ಗ ಕಟ್ಟಿ ಸಸಿಯ ನೆತ್ತಿಯಿಂದ ಒಂದು ಗೇಣಿಗೆ ಇಳಿಸಿ, ಸಸಿ ಬೆಳೆದಂತೆ ಹಗ್ಗವನ್ನು ಮೇಲಕ್ಕೆ ಎಳೆಯುತ್ತಾ ಹೋಗಿ. ಬೀಜ ಮೊಳೆತು ಮಣ್ಣಿನಿಂದ ಕುತ್ತಿಗೆ ಎತ್ತಿದ ದಿನವೇ ದೀಪ ಶುರುವಾಗಬೇಕು. ಉದ್ದವಾಗಿ ಬೆಳೆದುಬಿಟ್ಟ ಕಾಂಡವನ್ನು ಆಮೇಲೆ ಎಷ್ಟು ಬೆಳಕು ಕೊಟ್ಟರೂ ಗಿಡ್ಡ ಮಾಡಲಾಗದು. ಎರಡು ಅಡಿ ಅಗಲದ ಟ್ರೇ ಸಾಲಿಗೆ ಕನಿಷ್ಠ ನಾಲ್ಕು ಟ್ಯೂಬು ಬೇಕು.

ಕರೆಂಟು ನಾಲ್ಕಾರು ಗಂಟೆ ಹೋದರೆ ಸಸಿಗೆ ಕೇಡಿಲ್ಲ. ಇನ್ವರ್ಟರಿಗೆ ಜೋಡಿಸುವ ಅಗತ್ಯವೂ ಇಲ್ಲ. ತೊಂದರೆ ಇರುವುದು ಟೈಮರಿನಲ್ಲಿ. ಹಲ್ಲುಗಳಿರುವ, ತಿರುಗುವ ಮಾದರಿಯ ಟೈಮರು ಕರೆಂಟು ಹೋದಾಗ ನಿಂತುಬಿಡುತ್ತದೆ. ವಾರ ಕಳೆಯುವುದರೊಳಗೆ ಬೆಳಿಗ್ಗೆ ಆರಕ್ಕೆ ಹೊತ್ತಬೇಕಾದ ದೀಪ ಮಧ್ಯಾಹ್ನ ಹೊತ್ತತೊಡಗುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರನ್ನೇ ಕೊಳ್ಳಿ. ಮಳೆಗಾಲದ ನಿಮ್ಮ ತೇವಕ್ಕೆ ಐಪಿ 65 ಎಂದು ನಮೂದಿಸಿರುವ, ನೀರು ನುಗ್ಗದ ಫಿಟಿಂಗ್ ಹಾಕಿಸಿ. ಪ್ಲಗ್ಗಿಗೆ ಹೋಗುವ ವೈರು ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲಕ್ಕೆ ಹೋಗುವಂತೆ ಬಿಟ್ಟರೆ ವೈರಿನ ಮೇಲೆ ಹರಿದುಬರುವ ನೀರು ಆ ಜೋತಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ನಾಟಿಗೆ ಒಂದು ವಾರ ಮೊದಲು ಸಸಿಗಳನ್ನು ದಿನಕ್ಕಿಷ್ಟು ಹೊತ್ತೆಂದು ಹೊರಗಿಟ್ಟು ಗಾಳಿ, ಬೆಳಕಿಗೆ ಒಗ್ಗಿಸುವುದನ್ನು ಮರೆಯಬೇಡಿ.

ಪ್ರಶ್ನೆ: ಮನೆಯ ಕೋಣೆಯಲ್ಲಿ ಕೇಸರಿ ಬೆಳೆಯುವ ತರಬೇತಿಗೆ ಹೋಗಿದ್ದೆ. ಹತ್ತು ಅಡಿ ಉದ್ದಗಲದ ಕೋಣೆಗೆ ದುಬಾರಿ ಬೆಲೆಯ ಗ್ರೋ ಲೈಟುಗಳನ್ನು ಅವರಿಂದಲೇ ಕೊಳ್ಳಬೇಕೆನ್ನುತ್ತಾರೆ. ಅಷ್ಟೊಂದು ದೀಪ ಬೇಕೇ?
— ಯುವಕರೊಬ್ಬರು, ಮೈಸೂರು

ಉತ್ತರ: ಹೂವಿಗೆ ಬೇಡ, ಗೆಡ್ಡೆಗೆ ಬೇಕು. ಇದನ್ನು ಬಿಡಿಸಿ ಹೇಳುತ್ತೇನೆ. ಕೇಸರಿಯ ಗೆಡ್ಡೆಯು ಹಿಂದಿನ ಚಳಿಗಾಲದಲ್ಲಿ ಕೂಡಿಟ್ಟ ಆಹಾರದಿಂದಲೇ ಹೂ ಬಿಡುತ್ತದೆ. ಬೇಸಿಗೆಯಲ್ಲಿ 23ರಿಂದ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರೊಳಗೆ ಹೂವಿನ ಮೊಗ್ಗು ರೂಪುಗೊಂಡು, ಉಷ್ಣಾಂಶ 17 ಡಿಗ್ರಿಯ ಆಸುಪಾಸಿಗೆ ಇಳಿದಾಗ ಹೊರಬರುತ್ತದೆ. ಮಣ್ಣಿಲ್ಲದ ಟ್ರೇಯಲ್ಲಿ ಸುಮ್ಮನೆ ಜೋಡಿಸಿಟ್ಟರೂ ಹೂವಾಗುವುದು ಇದೇ ಕಾರಣಕ್ಕೆ. ಆ ಹಂತದಲ್ಲಿ ಮಂದ ಬೆಳಕು ಸಾಕು. ನಿಮ್ಮ ಖರ್ಚೆಲ್ಲ ಕೋಣೆಯನ್ನು ತಂಪಾಗಿಡುವುದಕ್ಕೆ ಹೋಗುತ್ತದೆ.

ಆದರೆ ಹೂವು ಕಿತ್ತ ಮೇಲೆ ಉದ್ದನೆಯ ಎಲೆಗಳು ಬಂದು, ಹಳೆಯ ಗೆಡ್ಡೆ ಕರಗಿ, ಮರಿಗೆಡ್ಡೆಗಳು ತುಂಬಿಕೊಳ್ಳುವ ತಿಂಗಳುಗಳಿವೆ. ಆಗ ಕಾಶ್ಮೀರದ ಹೊಲದಲ್ಲಿ ಬಿಸಿಲು ಮಾಡುವ ಕೆಲಸವನ್ನು ಕೋಣೆಯಲ್ಲಿ ದೀಪವೇ ಮಾಡಬೇಕು. ಅಲ್ಲಿ ಬೆಳಕು ಸಾಲದೆ ಹೋದರೆ ಮರಿಗೆಡ್ಡೆಗಳು ಬೆಳ್ಳುಳ್ಳಿ ಎಸಳಿನಷ್ಟೇ ಉಳಿದು, ಮರುವರ್ಷ ಬರೀ ಎಲೆ ಬಿಟ್ಟು ಹೂ ಬಿಡುವುದಿಲ್ಲ. ಮತ್ತೆ ಗೆಡ್ಡೆ ಕೊಳ್ಳಬೇಕಾಗುತ್ತದೆ. ಒಂದು ಗ್ರಾಂ ಒಣ ಕೇಸರಿಗೆ 150ಕ್ಕೂ ಹೆಚ್ಚು ಹೂವು ಬೇಕೆಂಬುದನ್ನು ಮುಂದಿಟ್ಟುಕೊಂಡು, ಗೆಡ್ಡೆ, ತಂಪು, ಬೆಳಕು ಮೂರರ ಖರ್ಚನ್ನೂ ನೀವೇ ಕಾಗದದ ಮೇಲೆ ಬರೆದು ನೋಡಿ. ತರಬೇತಿ ಕೊಟ್ಟವರಿಂದಲೇ ದೀಪ ಕೊಳ್ಳಬೇಕೆಂಬ ನಿಯಮ ಯಾವ ಗೆಡ್ಡೆಗೂ ಇಲ್ಲ. ಅವರು ಎರಡನೆಯ ವರ್ಷ ತಮ್ಮದೇ ಮರಿಗೆಡ್ಡೆಗಳಿಂದ ಎಷ್ಟು ಹೂವು ತೆಗೆದರೆಂದು ಕೇಳಿ. ನಾನಾಗಿದ್ದರೆ ಆ ಉತ್ತರ ಸಿಗುವವರೆಗೆ ಮುಂಗಡ ಕೊಡುತ್ತಿರಲಿಲ್ಲ.

ಪ್ರಶ್ನೆ: ದೇವರ ಕೋಣೆಯಲ್ಲಿ ತುಳಸಿ ಕುಂಡ ಇಟ್ಟಿದ್ದೇನೆ. ತಿಂಗಳೊಳಗೆ ಎಲೆ ಉದುರಿ ಒಣಗುತ್ತದೆ. ಯಾವ ದೀಪ ಹಾಕಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ಅಮ್ಮ, ದೀಪ ಕೊಳ್ಳುವ ಮೊದಲು ಎರಡು ಕುಂಡ ಮಾಡಿ. ತುಳಸಿ ಅಂಗಳದ ಗಿಡ. ಕಟ್ಟೆ ಕಟ್ಟಿ ಮನೆಯ ಮುಂದೆ ಬಯಲಿನಲ್ಲಿ ನೆಟ್ಟ ಹಿರಿಯರಿಗೆ ಅದರ ಬಿಸಿಲಿನ ಹಸಿವು ಗೊತ್ತಿತ್ತು. ಒಂದು ಕುಂಡ ಕಿಟಕಿಯ ಹೊರಗೆ ಅಥವಾ ಮಾಳಿಗೆಯ ಮೇಲಿರಲಿ, ಇನ್ನೊಂದು ದೇವರ ಮುಂದಿರಲಿ; ಮೂರು ದಿನಕ್ಕೊಮ್ಮೆ ಅದಲು ಬದಲು ಮಾಡಿ. ಹೊರಗೆ ಜಾಗವೇ ಇಲ್ಲವೆಂದಾದರೆ ಮಾತ್ರ ಕುಂಡದ ಮೇಲೆ ಒಂದಡಿ ಎತ್ತರದಲ್ಲಿ 20 ವಾಟಿನ ಬಿಳಿ ಎಲ್‌ಇಡಿ ಸ್ಪಾಟ್‌ಲೈಟ್ ಇಳಿಬಿಟ್ಟು 14 ಗಂಟೆ ಉರಿಸಿ. ನಂದಾದೀಪದ ಬೆಳಕು ಈ ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ: ನಾವು ಕೆನಡಾದ ಟೊರೊಂಟೊದಲ್ಲಿದ್ದೇವೆ. ಬೇಸಿಗೆಯಲ್ಲಿ ಹಿತ್ತಿಲಲ್ಲಿ ಚೆನ್ನಾಗಿದ್ದ ಕರಿಬೇವಿನ ಕುಂಡವನ್ನು ಚಳಿಗಾಲದಲ್ಲಿ ಒಳಗಿಟ್ಟರೆ ಡಿಸೆಂಬರ್ ಹೊತ್ತಿಗೆ ಬೋಳಾಗುತ್ತದೆ. ದೀಪ ಹಾಕಿದರೆ ಉಳಿಯುತ್ತದೆಯೇ?
— ಕನ್ನಡಿಗ ದಂಪತಿ

ಉತ್ತರ: ಉಳಿಯುತ್ತದೆ, ಆದರೆ ದೀಪವೊಂದರಿಂದಲೇ ಅಲ್ಲ. ಡಿಸೆಂಬರಿನಲ್ಲಿ ನಿಮ್ಮ ಊರಿನ ಹಗಲು ಒಂಬತ್ತು ಗಂಟೆಗಿಂತ ತುಸು ಕಡಿಮೆ. ಆ ಬಿಸಿಲೂ ಓರೆಯಾಗಿ, ಮೋಡ ಮತ್ತು ಜೋಡಿ ಗಾಜುಗಳನ್ನು ದಾಟಿ ಬರಬೇಕು. ಇದಕ್ಕೆ ಪೂರಕವಾಗಿ ಗಿಡದ ನೆತ್ತಿಯಿಂದ ಒಂದಡಿ ಎತ್ತರದಲ್ಲಿ, ಎಲೆಯ ಮೇಲೆ 12,000 ಲಕ್ಸ್ ಬೀಳುವಂತೆ ಬಿಳಿಯ ದೀಪ ಕಟ್ಟಿ ಬೆಳಿಗ್ಗೆ 6ರಿಂದ ರಾತ್ರಿ 8ರವರೆಗೆ ಉರಿಸಿದರೆ ಎಂಟೂವರೆ ಮೋಲ್ ಸಿಗುತ್ತದೆ. ಕಿಟಕಿಯದ್ದೂ ಸೇರಿದರೆ ಗಿಡ ಹಸಿರಾಗಿರಲು ಅಷ್ಟು ಸಾಕು.

ಆದರೆ ಕರಿಬೇವಿಗೆ ಬೇರು ತಣ್ಣಗಾದರೆ ಆಗುವುದಿಲ್ಲ. ಉಷ್ಣಾಂಶ 15 ಡಿಗ್ರಿಗಿಂತ ಇಳಿದರೆ ಬೇರಿನ ಕೆಲಸ ನಿಂತಂತೆಯೇ. ಆಗ ಮೇಲಿಂದ ಎಷ್ಟು ಬೆಳಕು ಸುರಿದರೂ ಎಲೆ ಉದುರುತ್ತದೆ. ಕಿಟಕಿಯ ಗಾಜಿಗೆ ಒತ್ತಿ ತಣ್ಣನೆಯ ಕಲ್ಲಿನ ಹಾಸಿನ ಮೇಲೆ ಕುಂಡ ಇಡುವುದೇ ಹಲವರು ಮಾಡುವ ತಪ್ಪು. ದೀಪವಿದ್ದ ಮೇಲೆ ಕಿಟಕಿಯ ಹಂಗು ಬೇಡ. ಬೆಚ್ಚಗಿನ ಕೋಣೆಯ ನಡುವೆ ಮರದ ಸ್ಟೂಲಿನ ಮೇಲಿಟ್ಟು ಅಲ್ಲಿಯೇ ದೀಪ ಕಟ್ಟಿ. ಹೊರಗೆ ರಾತ್ರಿ 10 ಡಿಗ್ರಿಗೆ ಇಳಿಯುವ ಮೊದಲೇ ಗಿಡವನ್ನು ಒಳಗೆ ತನ್ನಿ. ಮಣ್ಣಿನ ಮೇಲಿನ ಒಂದು ಅಂಗುಲ ಒಣಗಿದ ಮೇಲಷ್ಟೇ ನೀರು ಹಾಕಿ. ಚಳಿಗಾಲದಲ್ಲಿ ಗೊಬ್ಬರ ಬೇಡ. ಹೀಟರಿನ ಒಣಗಾಳಿಗೆ ಎಲೆಯಡಿ ಕೆಂಪು ನುಸಿ ಸೇರಿಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಸ್ನಾನದ ಮನೆಗೆ ಒಯ್ದು ಉಗುರುಬೆಚ್ಚಗಿನ ನೀರಿನಲ್ಲಿ ಎಲೆಗಳ ಅಡಿಭಾಗವನ್ನು ತೊಳೆಯಿರಿ.

ಇಷ್ಟಾಗಿಯೂ ಬೋಳಾದರೆ ಗಾಬರಿಯಾಗಿ ಕಿತ್ತೆಸೆಯಬೇಡಿ. ಕಾಂಡವನ್ನು ಉಗುರಿನಿಂದ ಗೀರಿ ನೋಡಿ. ಒಳಗೆ ಹಸಿರು ಕಂಡರೆ ಜೀವವಿದೆ, ಮಾರ್ಚ್‌ನಲ್ಲಿ ಚಿಗುರುತ್ತದೆ. ಮೇ ತಿಂಗಳ ಕೊನೆಗೆ ಇಬ್ಬನಿ ಹೆಪ್ಪುಗಟ್ಟುವ ಭಯ ಕಳೆದ ಮೇಲೆ ಹೊರಗೆ ಇಡುವಾಗ ಮೊದಲ ಒಂದು ವಾರ ನೆರಳಿನಲ್ಲಿಯೇ ಇರಲಿ, ಏಕೆಂದರೆ ದೀಪದಡಿ ಮೂಡಿದ ಎಳೆಯ ಎಲೆಗಳು ನೇರ ಬಿಸಿಲಿಗೆ ಒಂದೇ ಮಧ್ಯಾಹ್ನದಲ್ಲಿ ಸುಟ್ಟು ಬೆಳ್ಳಗಾಗುತ್ತವೆ.